ಬೇವಿನ ಮರದ ನೆರಳಿನಿಂದ ಹುಡುಗಿಯರನ್ನು ಎಬ್ಬಿಸಿದ ಕ್ರಮ

ಚಿತ್ರದುರ್ಗದ ಸಮೀಪದ ಪ್ರೌಢಶಾಲೆಯೊಂದರಲ್ಲಿ ನಾನು ದೈಹಿಕ ಶಿಕ್ಷಣ ಶಿಕ್ಷಕಿ. ಆಟದ ಅವಧಿಯಲ್ಲಿ ಥ್ರೋಬಾಲ್ ತಂಡದ ಏಳು ಮಂದಿ ಆಡುತ್ತಿದ್ದರು. ಉಳಿದ ಹುಡುಗಿಯರು ಬೇವಿನ ಮರದ ಕೆಳಗೆ ಕುಳಿತಿರುತ್ತಿದ್ದರು.

ಓಟಕ್ಕೆ ಬಹುಮಾನವಿಟ್ಟಾಗ ಗೆಲ್ಲುವವರೇ ಮತ್ತೆ ಗೆದ್ದರು. ಹಾಜರಿ ಕಡ್ಡಾಯ ಮಾಡಿದಾಗ ಹೊಟ್ಟೆನೋವೆನ್ನುವವರು ಹೆಚ್ಚಿದರು, ಮತ್ತು ಅವರಲ್ಲಿ ಹಲವರದು ನಿಜವಾದ ಮುಟ್ಟಿನ ನೋವಾಗಿತ್ತು. ಬೆಳಗಿನ ಯೋಗಕ್ಕೆ ಹಳ್ಳಿಯ ಬಸ್ಸು ಹೊಂದಲಿಲ್ಲ.

ಕೊನೆಗೆ ಫಲ ಕೊಟ್ಟದ್ದು ಜಾಗ ಮತ್ತು ಕ್ರಮದ ಬದಲಾವಣೆ. ರಸ್ತೆಗೆ ಕಾಣುವ ಮೈದಾನವನ್ನು ಬಿಟ್ಟು ಕಟ್ಟಡದ ಹಿಂದಿನ ಅಂಗಳಕ್ಕೆ ಹೋದೆವು. ದುಪಟ್ಟಾಗಳನ್ನು ತರಗತಿಯಲ್ಲೇ ಮಡಿಸಿಟ್ಟೆವು. ಸೋಮವಾರ, ಬುಧವಾರ, ಶುಕ್ರವಾರ ಕೊನೆಯ ಅವಧಿಯ 40 ನಿಮಿಷ. ಮೊದಲು ಹಗ್ಗದಾಟವಿಟ್ಟಿದ್ದಾಗ ಹಿಂಜರಿದವರು, ಮನೆಯಂಗಳದಲ್ಲಿ ಆಡಿ ಬಲ್ಲ ಕುಂಟೆಬಿಲ್ಲೆಯನ್ನು ಮೊದಲಿಗೆ ತಂದ ದಿನ ತಾವಾಗಿಯೇ ಎದ್ದು ಬಂದರು. ಅದು 10 ನಿಮಿಷ, ಯಾರೂ ಔಟಾಗುವುದಿಲ್ಲ. ನಂತರ 20 ಸೆಕೆಂಡು ಹಗ್ಗ ಜಿಗಿದು 40 ಸೆಕೆಂಡು ನಿಲ್ಲುವುದು, ಇಂತಹ ಆರು ಸುತ್ತು. ಎರಡು ವಾರಕ್ಕೊಮ್ಮೆ ಒಂದು ಸುತ್ತು ಸೇರಿಸಿ ಹತ್ತಕ್ಕೆ ನಿಲ್ಲಿಸಬೇಕು. ಹಗ್ಗದ ನಡುವೆ ಕಾಲಿಟ್ಟು ಎಳೆದರೆ ಎರಡೂ ತುದಿಗಳು ಕಂಕುಳಿಗೆ ಬರಬೇಕು. ನಮ್ಮ ಹಳೆಯ ಹಗ್ಗಗಳು ಉದ್ದವಾಗಿ ಕಾಲಿಗೆ ಸುತ್ತಿಕೊಳ್ಳುತ್ತಿದ್ದವು. ಆಮೇಲೆ ಹತ್ತು ಬಸ್ಕಿ, ಗೋಡೆಗೆ ಕೈಯೂರಿ ಎಂಟು ದಂಡ, ನಿಧಾನದ ನಡಿಗೆ. ವ್ಯಾಯಾಮದ ನಡುವೆ ಮಾತನಾಡಲು ಆಗಬೇಕು, ಹಾಡಲು ಆಗಬಾರದು. ಶ್ರಮದ ಅಳತೆ ಅದೇ. ಮುಟ್ಟಿನ ದಿನ ಏನು ಮಾಡಬೇಕೆಂಬುದು ಆಯಾ ಹುಡುಗಿಯದೇ ನಿರ್ಧಾರ.

ಎಣಿಕೆಯನ್ನು ಪ್ರತಿಯೊಬ್ಬಳೂ ತನ್ನ ಪುಸ್ತಕದಲ್ಲಿ ಮಾತ್ರ ಬರೆದುಕೊಳ್ಳುತ್ತಾಳೆ. ಫಲಕದ ಮೇಲೆ ಯಾರ ಅಂಕಿಯನ್ನೂ ಹಾಕುವುದಿಲ್ಲ. 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷದ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದರಿಂದ, ಉಳಿದ ದಿನಗಳಿಗೆ ಬಿರುಸಿನ ನಡಿಗೆಯನ್ನು ಅದೇ ಪುಸ್ತಕದಲ್ಲಿ ಸೇರಿಸಿದ್ದೇನೆ.