ರೋಟೆನ್‌ಬುರ್ಗ್‌ನಲ್ಲಿ ರಾತ್ರಿ ಉಳಿದು ನೋಡಿ

ಜರ್ಮನಿಯ ಬವೇರಿಯಾದಲ್ಲಿ, ಟೌಬರ್ ನದಿಯ ಮೇಲಿನ ದಿಣ್ಣೆಯಲ್ಲಿ ರೋಟೆನ್‌ಬುರ್ಗ್ ಎಂಬ ಹಳೆಯ ಕೋಟೆಯೂರು ಇದೆ. ಬರುವವರಲ್ಲಿ ಬಹಳ ಮಂದಿ ಟೂರಿಸ್ಟ್ ಬಸ್ಸಿನಲ್ಲಿ ಇಳಿದು, ಪ್ಲೋನ್‌ಲೈನ್ ಎಂಬ ಕವಲುದಾರಿಯ ಹಳದಿ ಮನೆಯೆದುರು ಫೋಟೋ ತೆಗೆಸಿಕೊಂಡು, ಸಂಜೆಯೊಳಗೆ ಬಸ್ ಹತ್ತಿಬಿಡುತ್ತಾರೆ. ನಾನು ಒಬ್ಬಳೇ ಹೊರಟಾಗ ಒಂದು ವಿಷಯದಲ್ಲಿ ಮಾತ್ರ ಹಟ ಹಿಡಿದಿದ್ದೆ: ಕೋಟೆಗೋಡೆಯ ಒಳಗೇ ರೂಮು ಹಿಡಿಯಬೇಕು, ಒಂದೇ ರಾತ್ರಿಗೆ ಓಡಿಬರಬಾರದು.

ದಾರಿ ಸುಲಭ. ಫ್ರಾಂಕ್‌ಫರ್ಟ್‌ನಿಂದ ವ್ಯುರ್ಟ್ಸ್‌ಬುರ್ಗ್, ಅಲ್ಲಿಂದ ಶ್ಟೈನಾಖ್, ಅಲ್ಲಿ ಇಳಿದು ಪುಟ್ಟ ರೈಲಿನಲ್ಲಿ ಕಾಲು ಗಂಟೆ. ಶ್ಟೈನಾಖ್ ಹೆಸರಿನ ಊರುಗಳು ಜರ್ಮನಿಯಲ್ಲಿ ಬೇರೆಯೂ ಇವೆ, ಟಿಕೆಟ್ ತೆಗೆಯುವಾಗ ಊರಿನ ಪೂರ್ತಿ ಹೆಸರು ನೋಡಿಕೊಳ್ಳಿ. ವ್ಯುರ್ಟ್ಸ್‌ಬುರ್ಗ್‌ನಿಂದ ಮುಂದಕ್ಕೆ ಬಯರ್ನ್ ಟಿಕೆಟ್, ಅಂದರೆ ಬವೇರಿಯಾದ ಸ್ಥಳೀಯ ರೈಲುಗಳ ದಿನದ ಟಿಕೆಟ್, ನಡೆಯುತ್ತದೆ, ವಾರದ ದಿನಗಳಲ್ಲಿ ಬೆಳಿಗ್ಗೆ 9ರ ನಂತರ. ರೈಲು ನಿಲ್ದಾಣ ಗೋಡೆಯ ಹೊರಗಿದೆ. ಹತ್ತು ನಿಮಿಷ ನಡೆದರೆ ರೋಡರ್ ಬಾಗಿಲು. ಒಳಗೆಲ್ಲ ಕಲ್ಲುಹಾಸಿನ ಬೀದಿ, ಹಾಗಾಗಿ ಚಕ್ರದ ಸೂಟ್‌ಕೇಸ್ ಬಿಟ್ಟು ಬೆನ್ನುಚೀಲ ಒಯ್ದಿದ್ದೆ. ಮನೆಯವರೇ ನಡೆಸುವ ಸಣ್ಣ ವಸತಿಗಳಲ್ಲಿ ರಾತ್ರಿಯಿಡೀ ಯಾರೂ ಕಾದು ಕೂತಿರುವುದಿಲ್ಲ. ಎಷ್ಟು ಗಂಟೆಗೆ ತಲುಪುತ್ತೇನೆ ಎಂದು ಮೊದಲೇ ಬರೆದು ತಿಳಿಸಿದ್ದೆ. ಅಮ್ಮನಿಗೂ ಅಷ್ಟೇ: ಬೇಸಿಗೆಯಲ್ಲಿ ನಮ್ಮ ಸಮಯ ಮೂರೂವರೆ ಗಂಟೆ ಮುಂದೆ, ಅಲ್ಲಿನ ಆರೂವರೆಗೆ ಫೋನ್ ಮಾಡಿದರೆ ಇಲ್ಲಿ ರಾತ್ರಿ ಹತ್ತು, ಅವರು ಮಲಗುವ ಮುನ್ನ ನನ್ನ ದನಿ ಕೇಳಿರುತ್ತಾರೆ.

ಬಸ್ಸುಗಳು ಹೋದ ಮೇಲೆ ಮಾರುಕಟ್ಟೆ ಚೌಕ ಊರಿನವರದಾಗುತ್ತದೆ. ಎಂಟು ಗಂಟೆಗೆ ರಾತ್ರಿ ಕಾವಲುಗಾರನ ವೇಷದಲ್ಲಿ, ಲಾಟೀನು ಹಿಡಿದವರೊಬ್ಬರು ಇಂಗ್ಲಿಷಿನಲ್ಲಿ ಊರು ತೋರಿಸುತ್ತಾರೆ. ಒಬ್ಬರೇ ಬಂದವರಿಗೆ ಇದಕ್ಕಿಂತ ಒಳ್ಳೆಯ ಸಂಜೆ ಇಲ್ಲ. ಗುಂಪಿನ ಜೊತೆ ಕತ್ತಲ ಓಣಿಗಳಲ್ಲಿ ನಡೆದು ದಾರಿ ಗುರುತಾಗಿಬಿಡುತ್ತದೆ, ಆಮೇಲೆ ಒಬ್ಬಳೇ ಓಡಾಡಲು ನನಗೆ ಅಳುಕಾಗಲಿಲ್ಲ.

ಬೆಳಿಗ್ಗೆ ಅಂಗಡಿ ತೆರೆಯುವ ಮೊದಲೇ ಗೋಡೆ ಹತ್ತಿದೆ. ಬಾಗಿಲುಗಳ ಪಕ್ಕದಲ್ಲಿ ಮೆಟ್ಟಿಲುಗಳಿವೆ, ದುಡ್ಡು ಕೊಡಬೇಕಿಲ್ಲ. ಮೇಲೆ ಹೆಂಚಿನ ಸೂರು, ಒಂದು ಕಡೆ ಬಾಣ ಬಿಡುವ ಕಂಡಿಗಳು, ಇನ್ನೊಂದು ಕಡೆ ಮನೆಗಳ ಹಿತ್ತಿಲು. ಪೂರ್ವ ಭಾಗದಲ್ಲಿ ಗೋಡೆಗೆ ಕೂರಿಸಿದ ಕಲ್ಲುಗಳ ಮೇಲೆ ಹೆಸರುಗಳು: ಜರ್ಮನ್, ಅಮೆರಿಕನ್, ಜಪಾನಿ. 1945ರ ಮಾರ್ಚ್ 31ರಂದು ಅಮೆರಿಕದ ವಿಮಾನಗಳು ಬಾಂಬು ಹಾಕಿ ಹಳೆಯ ಊರಿನ ಸುಮಾರು ಶೇಕಡ 40 ಭಾಗ ನಾಶವಾಯಿತು. ಉಳಿದದ್ದನ್ನೂ ಫಿರಂಗಿ ಹಾರಿಸಿ ಕೆಡವದಿರಲು ಕಾರಣವಾದವರಲ್ಲಿ ಒಬ್ಬರು ಅಮೆರಿಕದ ಯುದ್ಧ ಇಲಾಖೆಯ ಜಾನ್ ಮೆಕ್‌ಲಾಯ್. ಅವರಿಗೆ ಈ ಊರಿನ ಚೆಲುವು ಗೊತ್ತಿತ್ತು. ಯುದ್ಧ ಮುಗಿದ ಮೇಲೆ ಎಲ್ಲೆಲ್ಲಿಯವರೋ ಮೀಟರ್ ಲೆಕ್ಕದಲ್ಲಿ ದುಡ್ಡು ಕೊಟ್ಟು ಗೋಡೆ ಕಟ್ಟಿಸಿದರು. ಆ ಹೆಸರುಗಳು ಅವರವೇ. ‘ಹಾಗಾದರೆ ಇದು ನಿಜವಾದ ಹಳೆಯ ಊರಲ್ಲವಲ್ಲ’ ಎಂದು ಕೆಲವರು ಮೂಗು ಮುರಿಯುತ್ತಾರೆ. ನನಗೆ ಹಾಗನ್ನಿಸಲಿಲ್ಲ. ಕಾಣದ ಊರಿನ ಒಂದು ಮೀಟರ್ ಗೋಡೆಗೆ ಯಾರೋ ಕೈಯಿಂದ ದುಡ್ಡು ಹಾಕಿದ್ದಾರೆ ಅಂದರೆ ಆ ಗೋಡೆಯ ಮೇಲೆ ನನಗೆ ಗೌರವ ಹೆಚ್ಚುತ್ತದೆ.

ಈ ಊರು ಹಳೆಯ ರೂಪದಲ್ಲೇ ನಿಂತದ್ದು ಬಡತನದಿಂದ. 1274ರಿಂದ ಇದು ಚಕ್ರವರ್ತಿಗೆ ಮಾತ್ರ ಅಧೀನವಾದ ಸ್ವತಂತ್ರ ನಗರ, ಸಿರಿವಂತ ಊರು. 1631ರಲ್ಲಿ, ಮೂವತ್ತು ವರ್ಷಗಳ ಯುದ್ಧದಲ್ಲಿ, ಕ್ಯಾಥೊಲಿಕ್ ಪಕ್ಷದ ಸೇನಾಪತಿ ಟಿಲ್ಲಿಯ ಸೈನ್ಯ ಹಿಡಿದುಕೊಂಡಿತು, ಮೂರು ವರ್ಷಕ್ಕೆ ಪ್ಲೇಗ್ ಬಂತು. ಆಮೇಲೆ ಹೊಸದಾಗಿ ಕಟ್ಟಲು ಕೈಯಲ್ಲಿ ಕಾಸಿರಲಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಚಿತ್ರಕಾರರು ಬಂದು ಬರೆಯತೊಡಗಿದ ಮೇಲೆಯೇ ಜನ ಹುಡುಕಿಕೊಂಡು ಬಂದದ್ದು.

ಯೂಡೆನ್‌ಗಾಸ್ಸೆ, ಅಂದರೆ ಯಹೂದಿಗಳ ಬೀದಿ, ತಪ್ಪಿಸಬೇಡಿ. ಹದಿಮೂರನೆಯ ಶತಮಾನದಲ್ಲಿ ರಬ್ಬಿ ಮೇಯಿರ್ ಎಂಬ ದೊಡ್ಡ ವಿದ್ವಾಂಸರು ಇದ್ದ ಊರಿದು. 1520ರಲ್ಲಿ ಯಹೂದಿಗಳನ್ನು ಹೊರಹಾಕಿದರು. ಹಲವು ಶತಮಾನದ ಮೇಲೆ ಮತ್ತೆ ಬಂದು ನೆಲೆಸಿದವರನ್ನು ನಾಜಿಗಳ ಕಾಲದಲ್ಲಿ, 1938ರಲ್ಲಿ, ಮತ್ತೊಮ್ಮೆ ಓಡಿಸಿದರು. ಹೂಕುಂಡಗಳ ಕಿಟಕಿಗಳನ್ನು ನೋಡುವಾಗ ಇದೂ ಗೊತ್ತಿರಬೇಕು ಅನ್ನುವುದು ನನ್ನ ಅಭಿಪ್ರಾಯ.

ಸೇಂಟ್ ಯಾಕೋಬ್ ಚರ್ಚಿನ ಪಶ್ಚಿಮದ ಮೇಲಂತಸ್ತಿನಲ್ಲಿ ಟಿಲ್ಮನ್ ರೀಮೆನ್‌ಶ್ನೈಡರ್ 1500ರ ಆಸುಪಾಸಿನಲ್ಲಿ ಕೆತ್ತಿದ ಮರದ ಬಲಿಪೀಠವಿದೆ. ಕೆಳಗೆ ಬೀದಿಯೇ ಹಾದುಹೋಗುತ್ತದೆ. ಪೀಠದ ಮೇಲೆ ಕೆತ್ತಿದ ಯೇಸುವಿನ ಕೊನೆಯ ಊಟದ ದೃಶ್ಯದಲ್ಲಿ ನಡುವೆ ನಿಂತಿರುವವನು ದ್ರೋಹ ಬಗೆದ ಜೂಡಾಸ್. ಬಣ್ಣ ಬಳಿಯದ ಮರ, ಹಿಂದಿನ ಕಿಟಕಿಯ ಬೆಳಕು ಸರಿದಂತೆ ಮುಖಗಳ ಭಾವವೇ ಬೇರೆಯಾಗುತ್ತದೆ. ಅಲ್ಲಿ ಬೆಂಚಿನ ಮೇಲೆ ಬಹಳ ಹೊತ್ತು ಕೂತೆ. ‘ಹೋಗೋಣವೇ’ ಎಂದು ಕೇಳುವವರು ಪಕ್ಕದಲ್ಲಿರಲಿಲ್ಲ. ಒಂಟಿ ಪ್ರಯಾಣದ ದೊಡ್ಡ ಸುಖ ಇದೇ.

ಊಟಕ್ಕೆ ಸಸ್ಯಾಹಾರಿಗಳಿಗೆ ಚೀಸ್ ಬೆರೆಸಿದ ಶ್ಪೆಟ್ಸ್‌ಲೆ (ದಪ್ಪ ಶ್ಯಾವಿಗೆಯಂಥ ತಿನಿಸು), ಆಲೂಗಡ್ಡೆ ಸೂಪು ಸಿಗುತ್ತದೆ. ಶ್ಪೆಟ್ಸ್‌ಲೆಯಲ್ಲಿ ಮೊಟ್ಟೆ ಇರುತ್ತದೆ. ಸೂಪಿಗೆ ಮಾಂಸದ ಚೂರು ಹಾಕುತ್ತಾರೋ ಎಂದು ಕೇಳಿ. ಎಲ್ಲ ಅಂಗಡಿಯಲ್ಲೂ ಇಟ್ಟಿರುವ ಶ್ನೇಬಾಲ್ ಹಿಟ್ಟಿನ ಪಟ್ಟಿಗಳನ್ನು ಉಂಡೆ ಮಾಡಿ ಕರಿದು ಸಕ್ಕರೆಪುಡಿ ಉದುರಿಸಿದ ತಿಂಡಿ, ನಮ್ಮ ಚಿರೋಟಿಯ ದೂರದ ನೆಂಟ. ಚಾಕೊಲೇಟ್ ಸವರಿದ್ದನ್ನು ಬಿಟ್ಟು ಬರೀ ಸಕ್ಕರೆಯದನ್ನೇ ತಿನ್ನಿ. ಭಾನುವಾರ ಸೂಪರ್‌ಮಾರ್ಕೆಟ್ ಮುಚ್ಚಿರುತ್ತದೆ, ಶನಿವಾರವೇ ಬ್ರೆಡ್ಡು, ಹಣ್ಣು ತಂದಿಟ್ಟುಕೊಳ್ಳಿ.

ಕೊನೆಯ ದಿನ ಕೋಟೆತೋಟದ ಪಕ್ಕದಿಂದ ಕಣಿವೆಗೆ ಇಳಿದೆ. ಎರಡಂತಸ್ತಿನ ಕಮಾನುಗಳ ಕಲ್ಲುಸೇತುವೆ, ನಗರಾಧ್ಯಕ್ಷ ಹೈನ್ರಿಖ್ ಟೋಪ್ಲರ್ 1388ರಲ್ಲಿ ಕಟ್ಟಿಸಿದ ಗೋಪುರದಂಥ ಪುಟ್ಟ ಮನೆ, ನದಿಗುಂಟ ನಡೆದರೆ ಡೆಟ್ವಾಂಗ್ ಹಳ್ಳಿ. ಅಲ್ಲಿನ ಸಣ್ಣ ಚರ್ಚಿನಲ್ಲಿ ಅದೇ ರೀಮೆನ್‌ಶ್ನೈಡರ್‌ನ ಇನ್ನೊಂದು ಪೀಠ. ಮಧ್ಯಾಹ್ನ ಮೇಲಿನ ಊರು ಜನರಿಂದ ತುಂಬಿರುವಾಗಲೇ ಈ ನಡಿಗೆ ಇಟ್ಟುಕೊಳ್ಳಿ. ಡಿಸೆಂಬರಿನಲ್ಲಿ ಕ್ರಿಸ್‌ಮಸ್ ಸಂತೆ ನಡೆಯುತ್ತದೆ, ರೂಮು ಸಿಗುವುದು ಕಷ್ಟ. ಏಪ್ರಿಲ್ ಕೊನೆ ಅಥವಾ ಅಕ್ಟೋಬರ್, ಅದರಲ್ಲೂ ವಾರದ ನಡುವಿನ ದಿನಗಳು ಒಬ್ಬರೇ ಹೋಗುವವರಿಗೆ ಅನುಕೂಲ.