ಸಂಸದರ ನಿಧಿಯ ಲೆಕ್ಕ ಕೇಳುವುದು ಹೇಗೆ?

ರಾಮದುರ್ಗದ ಕಡೆಯ ಹಿರಿಯರೊಬ್ಬರು ಬೆಳಗಾವಿಗೆ ಬಂದಾಗ ತಮ್ಮ ಮಾಹಿತಿ ಹಕ್ಕು ಅರ್ಜಿ ತೋರಿಸಿದರು. ನಾಲ್ಕು ಪುಟ. 'ಸಂಸದರು ನಮ್ಮ ಊರಿಗೆ ಯಾಕೆ ಏನೂ ಮಾಡಿಲ್ಲ?' ಎಂದು ಶುರು. ಬಂದ ಉತ್ತರ ಒಂದೇ ಸಾಲು: ಇದು ಮಾಹಿತಿಯ ವ್ಯಾಪ್ತಿಗೆ ಬರುವುದಿಲ್ಲ. 'ಕಾಕಾ, ಯಾಕ ಅಂತ ಕೇಳಬ್ಯಾಡ್ರಿ, ಕಾಗದ ಕೇಳ್ರಿ' ಎಂದೆ. ಅವರ ಸಿಟ್ಟು ನ್ಯಾಯವಾದದ್ದೇ. ಆದರೆ ಹೀಗೆ ಬರೆದು ಕೈಚೆಲ್ಲಿದವರನ್ನು ನಾನು ಬಹಳ ನೋಡಿದ್ದೇನೆ.

ಮೊದಲು ನಿಮ್ಮ ಸಂಸದರು ಯಾರು ಎಂದು ಖಾತ್ರಿ ಮಾಡಿಕೊಳ್ಳಿ. ಇದರಲ್ಲೇ ಎಡವುವವರಿದ್ದಾರೆ. ಖಾನಾಪುರ ಮತ್ತು ಕಿತ್ತೂರು ಬೆಳಗಾವಿ ಜಿಲ್ಲೆಯಲ್ಲಿದ್ದರೂ ಉತ್ತರ ಕನ್ನಡ ಲೋಕಸಭಾ ಕ್ಷೇತ್ರಕ್ಕೆ ಸೇರುತ್ತವೆ. ಅಥಣಿ, ರಾಯಬಾಗ, ನಿಪ್ಪಾಣಿಯವರಿಗೆ ಚಿಕ್ಕೋಡಿ ಕ್ಷೇತ್ರ. ಗದಗ ಜಿಲ್ಲೆಯ ನರಗುಂದ ಬಾಗಲಕೋಟೆಗೆ ಹೋಗುತ್ತದೆ.

ಅರ್ಜಿಯನ್ನು ಸಂಸದರ ಮನೆಗೆ ಕಳಿಸಬೇಡಿ. ಸಂಸದರ ನಿಧಿ ಎಂದರೆ ಕ್ಷೇತ್ರದ ಕಾಮಗಾರಿಗಳಿಗೆಂದು ಸಂಸದರ ಹೆಸರಲ್ಲಿ ಇಡುವ ವರ್ಷಕ್ಕೆ 5 ಕೋಟಿ ರೂಪಾಯಿ. ಅದರಲ್ಲಿ ಒಂದು ರೂಪಾಯಿಯೂ ಅವರ ಕೈಗೆ ಬರುವುದಿಲ್ಲ. ಅವರು ಕಾಮಗಾರಿ ಶಿಫಾರಸು ಮಾಡುತ್ತಾರೆ, ಮಂಜೂರು ಮಾಡುವುದು ಜಿಲ್ಲಾಡಳಿತ. ಹಾಗಾಗಿ ಅರ್ಜಿ ಡಿಸಿ ಆಫೀಸಿನ ಸಾರ್ವಜನಿಕ ಮಾಹಿತಿ ಅಧಿಕಾರಿಗೆ. ಕ್ಷೇತ್ರ ಎರಡು ಜಿಲ್ಲೆಗಳಲ್ಲಿ ಹರಡಿದ್ದರೆ ಸಂಸದರು ಆರಿಸಿಕೊಂಡ ನೋಡಲ್ ಜಿಲ್ಲೆಯ, ಅಂದರೆ ಇಡೀ ಕ್ಷೇತ್ರದ ನಿಧಿಯ ಹೊಣೆ ಹೊತ್ತ ಜಿಲ್ಲೆಯ, ಡಿಸಿ ಆಫೀಸಿನಲ್ಲಿ ಒಟ್ಟು ಲೆಕ್ಕ ಸಿಗುತ್ತದೆ. ತಪ್ಪು ಕಚೇರಿಗೆ ಕೊಟ್ಟರೂ ಗಾಬರಿ ಬೇಡ, 5 ದಿನದೊಳಗೆ ಸರಿಯಾದ ಕಡೆ ವರ್ಗಾಯಿಸುವುದು ಅವರ ಕೆಲಸ.

ಇನ್ನು ಬರವಣಿಗೆ. ಎಲ್ಲ ಕೆಡುವುದು ಇಲ್ಲೇ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, ಸುಮಾರು 150 ಪದ. ಸಂಸದರ ನಿಧಿ, ಊರಿನ ರಸ್ತೆ, ರೇಷನ್ ಅಂಗಡಿ ಎಲ್ಲವನ್ನೂ ಒಂದರಲ್ಲೇ ತುಂಬಿದರೆ ವಾಪಸ್ ಕಳಿಸಲು ನೀವೇ ನೆಪ ಕೊಟ್ಟಂತೆ. ಯಾಕೆ, ಹೇಗೆ, ಇದು ಸರಿಯೇ ಎನ್ನುವ ಪ್ರಶ್ನೆ ಒಂದೂ ಬೇಡ. ಕಚೇರಿಯ ಫೈಲಿನಲ್ಲಿರುವ ಕಾಗದದ ಹೆಸರು ಹಿಡಿದು ಕೇಳಿ. ಮಾಹಿತಿ ಯಾಕೆ ಬೇಕೆಂದು ನೀವು ಹೇಳಬೇಕಾಗಿಯೂ ಇಲ್ಲ. ಕಾನೂನೇ ಹಾಗೆ ಹೇಳುತ್ತದೆ.

ಒಂದೇ ಸಲಕ್ಕೆ ಎಲ್ಲ ಕೇಳುವ ಬದಲು ಎರಡು ಅರ್ಜಿ ಹಾಕಿ. ಮೊದಲನೆಯದರಲ್ಲಿ ಬರೀ ಪಟ್ಟಿ: '2024ರ ಏಪ್ರಿಲ್ 1ರಿಂದ 2025ರ ಮಾರ್ಚ್ 31ರವರೆಗೆ ರಾಮದುರ್ಗ ತಾಲ್ಲೂಕಿಗೆ ಸಂಸದರ ನಿಧಿಯಿಂದ ಮಂಜೂರಾದ ಕಾಮಗಾರಿಗಳ ಹೆಸರು, ಸ್ಥಳ, ಮೊತ್ತ, ಈಗಿನ ಹಂತ.' ಅವಧಿ, ತಾಲ್ಲೂಕು ಎರಡನ್ನೂ ಬಿಡಬೇಡಿ. ಪಟ್ಟಿ ಬಂದ ಮೇಲೆ ನಿಮ್ಮೂರಿನ ಒಂದೇ ಕಾಮಗಾರಿ ಆರಿಸಿ. ಎರಡನೇ ಅರ್ಜಿಯಲ್ಲಿ ಅದರ ಶಿಫಾರಸು ಪತ್ರ, ಮಂಜೂರಾತಿ ಆದೇಶ, ಅಂದಾಜು ಪಟ್ಟಿ, ಅಳತೆ ಪುಸ್ತಕದ (ಆದ ಕೆಲಸವನ್ನು ಅಳೆದು ಬರೆದಿಡುವ ಪುಸ್ತಕ) ಪುಟಗಳು, ಬಳಕೆ ಪ್ರಮಾಣಪತ್ರ (ಹಣ ಆ ಕೆಲಸಕ್ಕೇ ಖರ್ಚಾಗಿದೆ ಎನ್ನುವ ಪತ್ರ), ಇವುಗಳ ದೃಢೀಕೃತ ನಕಲು ಕೇಳಿ.

ಶಿಫಾರಸು ಪತ್ರವನ್ನು ಮಾತ್ರ ಮರೆಯಲೇಬೇಡಿ. ಅದರ ಮೇಲಿನ ತಾರೀಖು, ಮಂಜೂರಾತಿ ಆದೇಶದ ತಾರೀಖು ಪಕ್ಕಪಕ್ಕ ಇಟ್ಟು ನೋಡಿ. ಪತ್ರವೇ ತಡವಾಗಿ ಬರೆದಿದ್ದರೆ ಕೇಳಬೇಕಾದದ್ದು ಸಂಸದರನ್ನು. ಪತ್ರ ಬೇಗ ಹೋಗಿ ಆದೇಶ ತಿಂಗಳುಗಟ್ಟಲೆ ಕೂತಿದ್ದರೆ ಅಧಿಕಾರಿಗಳನ್ನು. ಇದು ಗೊತ್ತಿಲ್ಲದೆ ಬೈದರೆ ಒಬ್ಬರು ಇನ್ನೊಬ್ಬರ ಕಡೆ ಕೈ ತೋರಿಸಿ ತಪ್ಪಿಸಿಕೊಳ್ಳುತ್ತಾರೆ, ಅಲ್ವಾ? ಹಳೆಯ ಲೆಕ್ಕ ತೆಗೆಯುವವರು ಇನ್ನೊಂದು ನೆನಪಿಡಿ: ಕೋವಿಡ್‌ನಿಂದ 2020–21ರಲ್ಲಿ ಈ ನಿಧಿ ಇರಲಿಲ್ಲ, 2021–22ರಲ್ಲಿ ಸಿಕ್ಕಿದ್ದು 2 ಕೋಟಿ. ಹಾಗಾಗಿ 2019ರಿಂದ 2024ರ ಅವಧಿಗೆ '25 ಕೋಟಿ ಎಲ್ಲಿ ಹೋಯಿತು' ಎಂದು ಕೇಳಿದರೆ ಲೆಕ್ಕವೇ ತಪ್ಪು. ಆ ಅವಧಿಗೆ ಸಿಕ್ಕಿದ್ದು 17 ಕೋಟಿ.

ವಾಟ್ಸ್ಆ್ಯಪ್‌ನಲ್ಲಿ ಓಡಾಡುವ, ಅಂಗಡಿಯಲ್ಲಿ ಮಾರುವ ರೆಡಿಮೇಡ್ ಅರ್ಜಿಗಳನ್ನು ಮುಟ್ಟಬೇಡಿ. 'ಸಂಪೂರ್ಣ ಮಾಹಿತಿ ಒದಗಿಸಿ' ಎಂದಷ್ಟೇ ಇರುತ್ತದೆ, ಯಾವ ಮಾಹಿತಿ ಎಂದು ಇರುವುದಿಲ್ಲ. ಬಿಳಿ ಹಾಳೆಯಲ್ಲಿ ನೀವೇ ನೀಟಾಗಿ ಬರೆದದ್ದು ಅದಕ್ಕಿಂತ ಎಷ್ಟೋ ಮೇಲು.

ಶುಲ್ಕ 10 ರೂಪಾಯಿ, ಬಿಪಿಎಲ್ ಕಾರ್ಡ್ ನಕಲು ಇಟ್ಟರೆ ಅದೂ ಇಲ್ಲ. ಕೈಯಲ್ಲೇ ಕೊಟ್ಟು ಸೀಲು ಹಾಕಿದ ಸ್ವೀಕೃತಿ ಪಡೆಯಿರಿ. ಸ್ವೀಕೃತಿ ಕಳೆದುಕೊಂಡರೆ ಮುಂದಿನ ದಾರಿಯೇ ಮುಚ್ಚಿದಂತೆ.

30 ದಿನದಲ್ಲಿ ಉತ್ತರ ಬರಬೇಕು. ಬರದಿದ್ದರೆ ನಕಲುಗಳನ್ನು ಪುಕ್ಕಟೆ ಕೊಡಬೇಕು. ಸುಮ್ನೆ ಕಾಯುತ್ತ ಕೂರಬೇಡಿ, ಮುಂದಿನ 30 ದಿನದೊಳಗೆ ಅದೇ ಕಚೇರಿಯ ಮೇಲಿನ ಅಧಿಕಾರಿಗೆ ಮೊದಲ ಮೇಲ್ಮನವಿ ಹಾಕಿ. ಅದೂ ಫಲಿಸದಿದ್ದರೆ 90 ದಿನದೊಳಗೆ ಮಾಹಿತಿ ಆಯೋಗಕ್ಕೆ. ಆಯೋಗದ ಪೀಠ ಬೆಳಗಾವಿಯಲ್ಲೇ ಇದೆ. ತಪ್ಪು ಮಾಡಿದ ಅಧಿಕಾರಿಗೆ ದಿನಕ್ಕೆ 250ರಂತೆ, 25,000 ರೂಪಾಯಿವರೆಗೆ ದಂಡ ಹಾಕುವ ಅಧಿಕಾರ ಅದಕ್ಕಿದೆ.

ಕಾಗದ ಕೈಗೆ ಬಂದ ದಿನ ಒಂದು ಅಳತೆ ಟೇಪು, ಇಬ್ಬರು ಊರವರನ್ನು ಕರೆದುಕೊಂಡು ಸ್ಥಳಕ್ಕೆ ಹೋಗಿ. ನಿಧಿಯ ಹೆಸರು, ಸಂಸದರ ಹೆಸರು, ಖರ್ಚು ಬರೆದ ಫಲಕ ಅಲ್ಲಿರಬೇಕು. ಕಾಕಾ ಎರಡನೇ ಅರ್ಜಿಯ ಕಾಗದ ಹಿಡಿದು ಊರಿನ ಬಸ್ ತಂಗುದಾಣಕ್ಕೆ ಹೋದರು. ಅಳತೆ ಪುಸ್ತಕದಲ್ಲಿ ಕಟ್ಟೆಯ ಉದ್ದ 20 ಅಡಿ ಇತ್ತು. ಟೇಪು 14ಕ್ಕೆ ನಿಂತಿತು. ಅಳೆಯುವಾಗಲೇ ಫೋಟೊ ತೆಗೆಸಿ, ಅದೇ ವಾರ ಡಿಸಿ ಆಫೀಸಿಗೂ ಸಂಸದರಿಗೂ ಒಂದೊಂದು ಪ್ರತಿ ಕೊಟ್ಟು ಬಂದರು.