ಪುಸ್ತಕದ ಬೆನ್ನಿನ ನಂಬರ್ ಓದುವುದು ಹೇಗೆ?

ಗ್ರಂಥಾಲಯದ ಪುಸ್ತಕಗಳ ಬೆನ್ನಿಗೆ ಒಂದು ಚೀಟಿ ಅಂಟಿಸಿರುತ್ತಾರೆ. ಅದರ ಮೇಲೆ 894.8143 ಅಂತಿದ್ದರೆ ಅದು ಕನ್ನಡ ಕಥೆ ಅಥವಾ ಕಾದಂಬರಿ. ಅಮೆರಿಕದ ಗ್ರಂಥಪಾಲಕ ಮೆಲ್ವಿಲ್ ಡ್ಯೂಯಿ 1876ರಲ್ಲಿ ಹೊರತಂದ, ಪುಸ್ತಕಗಳನ್ನು ವಿಷಯವಾರು ವಿಂಗಡಿಸುವ ದಶಮಾಂಶ ಪದ್ಧತಿ ಇದು. ಇದನ್ನು ಓದಲು ಕಲಿತರೆ ಪುಸ್ತಕ ಹುಡುಕಲು ಯಾರನ್ನೂ ಕಾಯಬೇಕಿಲ್ಲ.

ಮೊದಲು ನೂರರ ಸ್ಥಾನ ನೋಡಿ. 000ದಿಂದ 900ರವರೆಗೆ ಒಟ್ಟು ಹತ್ತು ವಿಭಾಗ. 200 ಧರ್ಮ, 300 ಸಮಾಜ, 500 ವಿಜ್ಞಾನ, 800 ಸಾಹಿತ್ಯ, 900 ಇತಿಹಾಸ ಮತ್ತು ಭೂಗೋಳ. ಅಡುಗೆ ಪುಸ್ತಕ ಬೇಕಾ? 641.5ಕ್ಕೆ ಹೋಗಿ. ವೈದ್ಯಕೀಯ, ಬೇಸಾಯದ ಜೊತೆ ಅದೂ 600ರಲ್ಲೇ ಇರುತ್ತದೆ. ಕ್ರಿಕೆಟ್ ಮಾತ್ರ 796.358, ಅಂದರೆ ಸಂಗೀತ, ಚಿತ್ರಕಲೆ ಇರುವ 700ರಲ್ಲಿ!

ಆಮೇಲೆ ಒಂದೊಂದೇ ಅಂಕಿ ಬಿಡಿಸುತ್ತಾ ಹೋಗಿ. 894.8 ದ್ರಾವಿಡ ಭಾಷೆಗಳ ಸಾಹಿತ್ಯ, 894.814 ಕನ್ನಡ. ಅದರ ಮುಂದೆ 1 ಬಂದರೆ ಕಾವ್ಯ, 2 ನಾಟಕ, 3 ಕಥೆ-ಕಾದಂಬರಿ. ಇಂಗ್ಲಿಷ್ ಸಾಹಿತ್ಯಕ್ಕೆ 820 ಅಂತ ಮೂರೇ ಅಂಕಿ, ಸಾವಿರ ವರ್ಷ ದಾಟಿದ ಕನ್ನಡಕ್ಕೆ ಆರು! ಡ್ಯೂಯಿ ತನ್ನ ಊರಿನ ಓದುಗರನ್ನು ನೋಡಿ ಜಾಗ ಹಂಚಿದ, ಅಷ್ಟೇ. ಹಿಂದೂ ಧರ್ಮವೂ 294.5ರ ಮೂಲೆಯಲ್ಲಿದೆ. ನಮ್ಮವರೇ ಆದ ಗ್ರಂಥಾಲಯ ತಜ್ಞ ಎಸ್. ಆರ್. ರಂಗನಾಥನ್ 1933ರಲ್ಲಿ ಪುಸ್ತಕ ವಿಂಗಡಿಸಲು ಕೋಲನ್ ಎಂಬ ಇನ್ನೊಂದು ಪದ್ಧತಿ ಕೊಟ್ಟರು. ಅದು ಹೆಚ್ಚು ಜಾಣ ಪದ್ಧತಿ ಅಂತ ನನಗನ್ನಿಸುತ್ತದೆ. ಆದರೆ ಬಳಕೆಯಲ್ಲಿ ಗೆದ್ದದ್ದು ಡ್ಯೂಯಿಯೇ.

ಜನ ಜಾಸ್ತಿ ಎಡವುವುದು ಚುಕ್ಕಿಯ ನಂತರ. 641.56 ಮತ್ತು 641.8, ಇವೆರಡರಲ್ಲಿ ಯಾವುದು ಮೊದಲು? ಐವತ್ತಾರು ದೊಡ್ಡದು ಅಂತ ಮುಂದೆ ಹೋಗಬೇಡಿ. ಇದು ದಶಮಾಂಶ ಅಲ್ವಾ? 5 ಮೊದಲು, 8 ಆಮೇಲೆ. ಹಾಗಾಗಿ 641.56 ಮೊದಲು ಬರುತ್ತದೆ. ಕಪಾಟಿನಲ್ಲಿ ಎಡದಿಂದ ಬಲಕ್ಕೆ ನೋಡಿ. ಒಂದು ಸಾಲು ಮುಗಿದರೆ ಕೆಳಗಿನ ಸಾಲಿಗೆ ಇಳಿಯಿರಿ.

ಒಂದೇ ನಂಬರಿನ ಪುಸ್ತಕಗಳು ಹತ್ತಾರು ಇದ್ದರೆ ಚೀಟಿಯ ಎರಡನೇ ಸಾಲು ನೋಡಿ. ಸಾಮಾನ್ಯವಾಗಿ ಅಲ್ಲಿ ಲೇಖಕರ ಹೆಸರಿನ ಅಕ್ಷರಗಳಿರುತ್ತವೆ. ಪುಸ್ತಕದ ಒಳಗೆ ಸೀಲ್ ಹಾಕಿ ಬರೆದ ಇನ್ನೊಂದು ನಂಬರ್ ಗ್ರಂಥಾಲಯದ ದಾಖಲೆಗೆ ಮಾತ್ರ. ಕಪಾಟಿನಲ್ಲಿ ಅದನ್ನು ಹುಡುಕಬೇಡಿ.

ಚಿಕ್ಕ ಶಾಖೆಗಳಲ್ಲಿ ಇಷ್ಟೆಲ್ಲ ಇರುವುದಿಲ್ಲ. ‘ಕಾದಂಬರಿ’, ‘ಕವನ’ ಅಂತ ಕಪಾಟಿಗೆ ಬರೆದಿದ್ದರೆ ಅದೇ ವರ್ಗೀಕರಣ. ಎಲ್ಲೇ ಆಗಲಿ, ನೋಡಿದ ಪುಸ್ತಕವನ್ನು ಸುಮ್ನೆ ಮೇಜಿನ ಮೇಲೆ ಬಿಟ್ಟುಬಿಡಿ. ಸಿಕ್ಕ ಜಾಗದಲ್ಲಿ ತುರುಕಿದರೆ ಮುಂದೆ ಅದು ಬೇಕಾದವರಿಗೆ ಸಿಗುವುದಿಲ್ಲ. ಜೋಡಿಸುವ ಕೆಲಸ ಸಿಬ್ಬಂದಿ ನೋಡಿಕೊಳ್ಳುತ್ತಾರೆ.